ಮನೆಬಾಗಿಲಿಗೆ ಬಂದ ಬ್ಯಾಂಕು

ಕೈಮಗ್ಗದ ಕಸುಬು ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕು ಹುಟ್ಟಿತು. ಸ್ಥಾಪಕರು ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಹಾಗೂ ಡಾ. ಟಿ. ಎಂ. ಎ. ಪೈ, ಮೂಲ ಬಂಡವಾಳ 8,000 ರೂಪಾಯಿ.

ದಿನಗೂಲಿಯವನ ಗಳಿಕೆ ಅಂದಂದಿಗೇ ಕರಗುವುದು. ದುಡಿದ ದಿನವೇ ಎತ್ತಿಟ್ಟರೆ ಮಾತ್ರ ಅವನಿಗೆ ಉಳಿತಾಯವುಂಟು. ಇದನ್ನರಿತ ಸ್ಥಾಪಕರು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಬ್ಯಾಂಕಿನ ಪ್ರತಿನಿಧಿಯು ನಿತ್ಯವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸ್ವೀಕರಿಸುತ್ತಿದ್ದನು. ಬ್ಯಾಂಕಿನ ಮೆಟ್ಟಿಲೇರಲು ಅಳುಕುವ ಬಡವನ ಹೊಸ್ತಿಲಿಗೆ ಬ್ಯಾಂಕೇ ನಡೆದುಬಂದಿತು. ಉದ್ಯಮಶೀಲತೆಯ ನಿಜವಾದ ಹಿರಿಮೆ ಇದೇ ಆಗಿದೆ.

ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಈ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಂಸ್ಥೆಯ ಹೆಸರು ಅಳಿದರೂ, ಅಂಗಡಿ ಬೀದಿಯಲ್ಲಿ ‘ಪಿಗ್ಮಿ ಕಟ್ಟುವ’ ರೂಢಿ ಇಂದಿಗೂ ಅಳಿದಿಲ್ಲ.