ಸಮವಸ್ತ್ರ ಕಳಚಿ ತರಗತಿಗೆ

ಕಾಲೇಜು ಎಂದ ಕೂಡಲೇ ಕಣ್ಣ ಮುಂದೆ ಬರುವುದು ಹದಿನೆಂಟು ಇಪ್ಪತ್ತರ ಹರೆಯದ ಮುಖಗಳು. ನಿಮ್ಮ ಬೆಂಚಿನಲ್ಲಿ ಮೂವತ್ತು ವರ್ಷದ, ಹೆಂಡತಿ ಮಕ್ಕಳಿರುವ ಒಬ್ಬಾತ ಬಂದು ಕುಳಿತರೆ ನೀವೇನು ಮಾಡುತ್ತೀರಿ? ಮೊದಲ ದಿನ ಬಹುಶಃ ಮೇಷ್ಟ್ರೆಂದು ತಿಳಿದು ಎದ್ದು ನಿಲ್ಲುತ್ತೀರಿ! ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಕಾಲೇಜುಗಳಿಗೆ ಇಂಥವರು ಲಕ್ಷಗಟ್ಟಲೆ ಬಂದರು.

ಇದಕ್ಕೆ ಕಾರಣ, 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಒಂದು ಕಾನೂನು. ಜನರ ಬಾಯಲ್ಲಿ ಅದು ‘ಜಿ.ಐ. ಬಿಲ್’ ಆಯಿತು, ಜಿ.ಐ. ಎಂದರೆ ಆಡುಮಾತಿನಲ್ಲಿ ಸಾಮಾನ್ಯ ಸಿಪಾಯಿ. ಇದು ಕೇವಲ ವಿದ್ಯಾಪ್ರೇಮದಿಂದ ಹುಟ್ಟಿದ ಕಾನೂನೆಂದು ಭಾವಿಸಬೇಡಿ. ಕೋಟಿಗೂ ಮೀರಿದ ಸೈನಿಕರು ಒಟ್ಟಿಗೇ ಮನೆಗೆ ಮರಳಿದರೆ ಕೆಲಸ ಎಲ್ಲಿಂದ ತರುವುದೆಂಬ ದಿಗಿಲು ಸರ್ಕಾರಕ್ಕಿತ್ತು. ಮೊದಲ ಮಹಾಯುದ್ಧದ ಮಾಜಿ ಸೈನಿಕರು 1932ರಲ್ಲಿ ತಮಗೆ ಬರಬೇಕಾದ ಹಣ ಕೇಳಿ ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟಾಗ ಅವರನ್ನು ಸೈನ್ಯದಿಂದಲೇ ಓಡಿಸಲಾಗಿತ್ತು. ಆ ಕಹಿ ಇನ್ನೂ ಆರಿರಲಿಲ್ಲ.

ಕಾನೂನಿನ ಪ್ರಕಾರ ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕವನ್ನು ಸರ್ಕಾರವೇ ಕಾಲೇಜಿಗೆ ಕಟ್ಟುತ್ತಿತ್ತು. ಹೆಸರಾಂತ ವಿಶ್ವವಿದ್ಯಾನಿಲಯಗಳಿಗೂ ಅದು ಸಾಕಾಗುತ್ತಿತ್ತು. ಜೊತೆಗೆ ಒಂಟಿ ವಿದ್ಯಾರ್ಥಿಗೆ ತಿಂಗಳಿಗೆ 50 ಡಾಲರ್, ಸಂಸಾರಸ್ಥನಿಗೆ 75 ಡಾಲರ್. ಸೇನೆ ಸೇರುವಾಗ 25 ದಾಟಿದ್ದವರು ಯುದ್ಧದಿಂದಾಗಿಯೇ ತಮ್ಮ ಓದು ನಿಂತಿತೆಂದು ತೋರಿಸಬೇಕೆಂಬ ಷರತ್ತು ಮೊದಲಿತ್ತು; 1945ರ ಡಿಸೆಂಬರಿನ ತಿದ್ದುಪಡಿ ಅದನ್ನು ತೆಗೆದುಹಾಕಿತು.

ವಿದ್ವಾಂಸರಿಗೆ ಇದು ಹಿಡಿಸಲಿಲ್ಲ. ಕೆಲಸ ಸಿಗದವರೆಲ್ಲ ಬಂದು ತಂಗುವ ಛತ್ರಗಳಾಗುತ್ತವೆ ನಮ್ಮ ಕಾಲೇಜುಗಳು ಎಂಬರ್ಥದಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ರಾಬರ್ಟ್ ಹಚಿನ್ಸ್ ಪತ್ರಿಕೆಯಲ್ಲಿ ಬರೆದರು. ಹಾರ್ವರ್ಡಿನ ಅಧ್ಯಕ್ಷ ಜೇಮ್ಸ್ ಕೊನಾಂಟ್ ಅವರಿಗೂ, ಯೋಗ್ಯರು ಅಯೋಗ್ಯರೆಂಬ ಭೇದವಿಲ್ಲದೆ ಎಲ್ಲರೂ ನುಗ್ಗಿಬಿಡುತ್ತಾರೆಂಬ ಆತಂಕ. ಬಾಂಬುಗಳ ನಡುವೆ ಬದುಕಿ ಬಂದವನು ಶಾಂತವಾಗಿ ಕುಳಿತು ಬೀಜಗಣಿತ ಮಾಡಿಯಾನೇ ಎಂಬ ಅನುಮಾನ ಬೇರೆ.

ಬಂದವರಿಗೂ ತೊಡಕುಗಳಿದ್ದವು. ಕಲಿತಿದ್ದು ಮರೆತುಹೋಗಿತ್ತು. ಹೈಸ್ಕೂಲನ್ನೇ ಮುಗಿಸದೆ ಸೇನೆಗೆ ಹೋದವರಿಗಾಗಿ 1942ರಲ್ಲೇ ಒಂದು ಸಮಾನ ಅರ್ಹತೆಯ ಪರೀಕ್ಷೆಯನ್ನು ರೂಪಿಸಲಾಗಿತ್ತು. ಅದು ಈಗ ನೆರವಿಗೆ ಬಂತು. ಎಲ್ಲಕ್ಕಿಂತ ದೊಡ್ಡ ಕಷ್ಟ ವಸತಿಯದು. ಹಾಸ್ಟೆಲುಗಳೆಲ್ಲ ಮದುವೆಯಾಗದ ಹುಡುಗರಿಗೆಂದು ಕಟ್ಟಿದವು. ಸೈನ್ಯದಲ್ಲಿ ಮಿಕ್ಕಿದ್ದ, ಅರ್ಧ ಪೀಪಾಯಿಯಂತೆ ಬಾಗಿದ ತಗಡಿನ ಮನೆಗಳನ್ನು ತಂದು ಕಾಲೇಜಿನ ಮೈದಾನಗಳಲ್ಲಿ ನಿಲ್ಲಿಸಿದರು. ವಿಸ್ಕಾನ್‌ಸಿನ್ ವಿಶ್ವವಿದ್ಯಾನಿಲಯದ ಅನೇಕ ಸಂಸಾರಗಳು ಸುಮಾರು 35 ಮೈಲಿ ದೂರದ ಮದ್ದುಗುಂಡಿನ ಕಾರ್ಖಾನೆಯ ವಸತಿಯಲ್ಲಿದ್ದವು. ದಿನವೂ ಬಸ್ಸಿನಲ್ಲಿ ಬಂದು ಹೋಗಬೇಕು. ಒಂದೇ ಕೋಣೆಯಲ್ಲಿ ಮಗುವಿನ ತೊಟ್ಟಿಲು, ಒಣಹಾಕಿದ ಬಟ್ಟೆ, ನಾಳಿನ ಪರೀಕ್ಷೆಯ ಪುಸ್ತಕ ಎಲ್ಲ ಇರುವಾಗ ಓದುವುದು ಹೇಗಿದ್ದೀತೆಂದು ಊಹಿಸಿ ನೋಡಿ.

ಆದರೂ ಅವರು ಓದಿದರು. ಕಳೆದುಕೊಂಡ ವರ್ಷಗಳನ್ನು ಹಿಂದಕ್ಕೆ ಪಡೆಯುವ ಅವಸರ ಅವರಿಗಿತ್ತು. ಹೊಸಬರು ವಿಚಿತ್ರ ಟೋಪಿ ಧರಿಸಿ ಹಿರಿಯ ವಿದ್ಯಾರ್ಥಿಗಳಿಗೆ ತಲೆಬಾಗಬೇಕೆಂಬ ಹಳೆಯ ಪದ್ಧತಿಯನ್ನು ಎಷ್ಟೋ ಕಡೆ ಅವರು ಲೆಕ್ಕಿಸಲೇ ಇಲ್ಲ. ಸಾವನ್ನು ಕಂಡು ಬಂದವರನ್ನು ಹತ್ತೊಂಬತ್ತರ ಹುಡುಗ ಹೆದರಿಸುವುದಾದರೂ ಹೇಗೆ! ತರಗತಿಯಲ್ಲಿ ಅಧ್ಯಾಪಕರನ್ನು ಪ್ರಶ್ನಿಸಿದರು. ಇವರು ಬಂದು ಅಂಕಗಳ ಸರಾಸರಿಯನ್ನೇ ಏರಿಸಿಬಿಟ್ಟರೆಂದು ಕಿರಿಯರು ಗೊಣಗಿದರು. 1946ರ ಹೊತ್ತಿಗೆ ಕೊನಾಂಟ್ ಅವರೇ ಈ ವಿದ್ಯಾರ್ಥಿಗಳನ್ನು ಮನಸಾರೆ ಹೊಗಳಿದರು.

ಹೊಗಳಿಕೆಯನ್ನು ಅಳತೆಗೋಲಿಗೆ ಹಚ್ಚಿದವರೂ ಇದ್ದಾರೆ. ಫ್ರೆಡರಿಕ್‌ಸನ್ ಮತ್ತು ಶ್ರೇಡರ್ ಎಂಬ ಸಂಶೋಧಕರು 16 ಕಾಲೇಜುಗಳ ಸುಮಾರು 10,000 ವಿದ್ಯಾರ್ಥಿಗಳನ್ನು ಅಭ್ಯಾಸಮಾಡಿ 1951ರಲ್ಲಿ ಗ್ರಂಥ ಪ್ರಕಟಿಸಿದರು. ಸಮಾನ ಸಾಮರ್ಥ್ಯದ ಇತರರಿಗಿಂತ ಮಾಜಿ ಸೈನಿಕರು ತುಸು ಹೆಚ್ಚು ಅಂಕ ಪಡೆದಿದ್ದರು. ತುಸುವೇ, ನೆನಪಿಡಿ, ದಂತಕಥೆಗಳು ಹೇಳುವಷ್ಟಲ್ಲ. 1947ರಲ್ಲಿ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾಜಿ ಸೈನಿಕರೇ. 1956ರಲ್ಲಿ ಯೋಜನೆ ಮುಗಿಯುವವರೆಗೆ ಸುಮಾರು 22 ಲಕ್ಷ ಮಂದಿ ಇದರ ನೆರವಿನಿಂದ ಕಾಲೇಜು ಮೆಟ್ಟಿಲು ಹತ್ತಿದ್ದರು. ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ. ಹೊಂದಿಕೊಂಡವರು ಈ ವಿದ್ಯಾರ್ಥಿಗಳಷ್ಟೇ ಅಲ್ಲ, ಕಾಲೇಜುಗಳೂ ಹೊಂದಿಕೊಳ್ಳಬೇಕಾಯಿತು. ಸಂಸಾರಸ್ಥರಿಗೆ ಮನೆ, ಸಲಹಾ ಕೇಂದ್ರ, ಸೇನೆಯಲ್ಲಿ ಕಲಿತದ್ದಕ್ಕೆ ಮನ್ನಣೆ, ಇವೆಲ್ಲ ಆ ಒತ್ತಡದಿಂದ ಬೆಳೆದವು.

ಎಲ್ಲ ಬಾಗಿಲುಗಳೂ ತೆರೆಯಲಿಲ್ಲ. ಗಂಡಸರ ನೂಕುನುಗ್ಗಲಿನಲ್ಲಿ ಹಲವೆಡೆ ಹುಡುಗಿಯರ ಸೀಟು ಕಡಿತವಾಯಿತು. ಕಾನೂನಿನಲ್ಲಿ ವರ್ಣಭೇದದ ಮಾತಿರಲಿಲ್ಲ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ವಿಶ್ವವಿದ್ಯಾನಿಲಯಗಳು ಕರಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಕರಿಯರ ಕಾಲೇಜುಗಳಲ್ಲಿ ಜಾಗ ಸಾಲುತ್ತಿರಲಿಲ್ಲ. ಯೂರೋಪಿನಲ್ಲಿ ಯುದ್ಧಸೇವೆ ಮಾಡಿ ಬಂದ ಮೆಡ್ಗರ್ ಎವರ್ಸ್ 1952ರಲ್ಲಿ ಆಲ್‌ಕಾರ್ನ್ ಎಂಬ ಕರಿಯರ ಕಾಲೇಜಿನಲ್ಲಿ ಪದವಿ ಪಡೆದರು. 1954ರಲ್ಲಿ ಮಿಸಿಸಿಪಿ ವಿಶ್ವವಿದ್ಯಾನಿಲಯದ ಕಾನೂನು ಶಾಲೆಗೆ ಅರ್ಜಿ ಹಾಕಿದಾಗ ಅವರಿಗೆ ಪ್ರವೇಶ ದೊರೆಯಲಿಲ್ಲ. ಅದೇ ವಿಶ್ವವಿದ್ಯಾನಿಲಯಕ್ಕೆ 1962ರ ಅಕ್ಟೋಬರ್ 1ರಂದು ಮತ್ತೊಬ್ಬ ಕರಿಯ ಮಾಜಿ ಸೈನಿಕ ಸೇರಿದರು. ಹೆಸರು ಜೇಮ್ಸ್ ಮೆರೆಡಿತ್, ವಯಸ್ಸು 29, ವಾಯುಪಡೆಯಲ್ಲಿ ಒಂಬತ್ತು ವರ್ಷ ದುಡಿದವರು. ಹಿಂದಿನ ರಾತ್ರಿಯ ಗಲಭೆಯಲ್ಲಿ ಇಬ್ಬರು ಸತ್ತಿದ್ದರು. ಮೆರೆಡಿತ್ ತರಗತಿಗೆ ಹೋದದ್ದು ಕೇಂದ್ರ ಸರ್ಕಾರದ ಕಾವಲುಗಾರರ ನಡುವೆ. 1963ರ ಆಗಸ್ಟ್‌ನಲ್ಲಿ ಅವರು ಪದವಿ ಪಡೆದರು.