ಹಿಡಿದ ಆನೆ, ಹುಟ್ಟಿದ ಆನೆ

2022ರ ಸೆಪ್ಟೆಂಬರ್ 13ರ ರಾತ್ರಿ ಮೈಸೂರು ಅರಮನೆಯ ಆವರಣದಲ್ಲಿ ಗಂಡು ಮರಿಯಾನೆಯೊಂದು ಹುಟ್ಟಿತು. ದಸರೆಗೆಂದು ಬಂಡೀಪುರದ ರಾಂಪುರ ಶಿಬಿರದಿಂದ ಬಂದಿದ್ದ ಲಕ್ಷ್ಮಿ ತುಂಬು ಬಸುರಿ ಎಂಬುದು ಕರೆತಂದವರಿಗೇ ಗೊತ್ತಾಗಿರಲಿಲ್ಲ. ಮರಿಗೆ ದತ್ತಾತ್ರೇಯ ಎಂದು ಹೆಸರಿಟ್ಟರು. ಆಮೇಲಿನ ದಸರೆಗಳಲ್ಲಿ ಹೆಣ್ಣಾನೆಗಳಿಗೆ ಗರ್ಭಪರೀಕ್ಷೆಯೂ ಶುರುವಾಯಿತು.

ಸಾಕಾನೆ ಮರಿ ಹಾಕುವುದು ಇಷ್ಟು ದೊಡ್ಡ ಸುದ್ದಿಯಾಗುವುದೇಕೆ? ದನ, ಕುದುರೆ, ಒಂಟೆಗಳನ್ನು ಮನುಷ್ಯ ತನ್ನ ಹಟ್ಟಿಯಲ್ಲೇ ಸಂತಾನ ಬೆಳೆಸಿ ಪಳಗಿಸಿದ. ಸಾವಿರಾರು ವರ್ಷ ಜೊತೆಗಿದ್ದರೂ ಆನೆಯನ್ನು ಮಾತ್ರ ಹೆಚ್ಚಾಗಿ ಕಾಡಿನಿಂದ ಹಿಡಿದೇ ತಂದ. ಸಾಕಾನೆ ಮರಿ ಹಾಕುವುದು ಅಪಶಕುನವೆಂಬ ನಂಬಿಕೆ ಹಿಂದೆ ಇತ್ತೆಂದೂ, ಅಕ್ಬರನ ಆಜ್ಞೆಯಿಂದ ಅದು ಬದಲಾಯಿತೆಂದೂ ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ಹೇಳುತ್ತದೆ.

ಅಪಶಕುನಕ್ಕಿಂತ ಖರ್ಚಿನ ಲೆಕ್ಕವೇ ದೊಡ್ಡದಿದ್ದೀತು. ಆನೆಯ ಗರ್ಭ 18ರಿಂದ 22 ತಿಂಗಳು. ಹುಟ್ಟಿದ ಮರಿ ಎರಡು ಮೂರು ವರ್ಷ ಮೊಲೆಯುಣ್ಣುತ್ತದೆ. ಅಲ್ಲಿಯವರೆಗೆ ತಾಯಿಗೆ ಭಾರದ ಕೆಲಸ ಹೇಳುವಂತಿಲ್ಲ. ಮರಿ ಬೆಳೆದು ಮರ ಎಳೆಯಲು ಹದಿನೈದು ವರ್ಷವಾದರೂ ಬೇಕು. ಹಿಡಿದ ಆನೆಯಾದರೋ ಕೆಲವೇ ತಿಂಗಳಲ್ಲಿ ಪಳಗುತ್ತಿತ್ತು. 1874ರಲ್ಲಿ ಜಿ.ಪಿ. ಸ್ಯಾಂಡರ್ಸನ್ ಚಾಮರಾಜನಗರದ ಬಳಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಒಂದೇ ಸಲ ಖೆಡ್ಡಾಕ್ಕೆ ಹೊಗಿಸಿದ. ಹೀಗೆ ಹಿಂಡುಹಿಂಡೇ ಸಿಗುವಾಗ ಆನೆಯ ಬಾಣಂತನ ಮಾಡುವವರು ಯಾರು?

ಬೇಕೆಂದವರಿಗೂ ಅದು ಸುಲಭವಾಗಿರಲಿಲ್ಲ. ಅಮೆರಿಕದಲ್ಲಿ ಮೊದಲ ಮರಿ ಹುಟ್ಟಿದ್ದು 1880ರಲ್ಲಿ, ಫಿಲಡೆಲ್ಫಿಯಾದ ಸರ್ಕಸ್ ಬಿಡಾರದಲ್ಲಿ. ವಿಯೆನ್ನಾ ಮೃಗಾಲಯಕ್ಕೆ ಆ ಭಾಗ್ಯ ಬಂದದ್ದು 1906ರಲ್ಲಿ. ಹೆಣ್ಣಾನೆ ಬೆದೆಗೆ ಬರುವುದು 14-16 ವಾರಗಳಿಗೊಮ್ಮೆ, ಅದೂ ಕೆಲವೇ ದಿನ. ಆ ಹೊತ್ತಿಗೆ ಗಂಡು ಹತ್ತಿರವಿರಬೇಕು. ಮದವೇರಿದ ಸಲಗವನ್ನು ಊರೊಳಗೆ ಕಟ್ಟಿಕೊಳ್ಳುವುದು ಹುಡುಗಾಟವಲ್ಲ. ಬಹುಕಾಲ ಗರ್ಭ ಧರಿಸದ ಹೆಣ್ಣಿನ ಗರ್ಭಕೋಶದಲ್ಲಿ ಗಂಟುಗಳೂ ಬೆಳೆಯುತ್ತವೆ. ಹಿಂಡಿನಲ್ಲಾದರೆ ಹೆರಿಗೆಯ ವೇಳೆ ಅಕ್ಕಪಕ್ಕದ ಹೆಣ್ಣಾನೆಗಳು ಒತ್ತಾಸೆಗಿರುತ್ತವೆ. ಹುಟ್ಟಿನಿಂದ ಮರಿಯನ್ನೇ ನೋಡಿರದ ಒಂಟಿ ತಾಯಿ ತನ್ನ ಮರಿಗೇ ಬೆದರಿ ತುಳಿಯುವುದುಂಟು.

ನಮ್ಮ ಸಕ್ರೆಬೈಲು, ದುಬಾರೆ, ಮತ್ತಿಗೋಡಿನಂಥ ಕಾಡಿನ ಶಿಬಿರಗಳ ಮಾತೇ ಬೇರೆ. ಕೆಲಸ, ಸ್ನಾನ, ಊಟ ಮುಗಿದ ಮೇಲೆ ಆನೆಗಳನ್ನು ಮೇಯಲು ಕಾಡಿಗೆ ಬಿಡುವುದು ಇಲ್ಲಿಯ ರೂಢಿ. ಕಾಲಿನ ಸರಪಳಿ ನೆಲದ ಮೇಲೆ ಎಳೆದ ಗುರುತು ಹಿಡಿದು ಮಾವುತ, ಕಾವಾಡಿಗಳು ಬೆಳಿಗ್ಗೆ ಹುಡುಕಿ ತರುತ್ತಾರೆ. ಆ ರಾತ್ರಿಗಳಲ್ಲಿ ಕಾಡಿನ ಸಲಗಗಳ ಸಂಗವಾಗುತ್ತದೆ. ಡಾರ್ಜಿಲಿಂಗ್ ಮೃಗಾಲಯದ ಕೆಂಪು ಪಾಂಡಾಗಳಿಗೆ ವಂಶಾವಳಿ ನೋಡಿ ಜೋಡಿ ಗೊತ್ತುಮಾಡುತ್ತಾರೆ. ಶಿಬಿರದ ಹೆಣ್ಣಾನೆಯದು ಸ್ವಯಂವರ! ತಮಿಳುನಾಡಿನ ಇಂಥ ಶಿಬಿರಗಳ ಹಳೆಯ ದಾಖಲೆಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದರು. ಕಾಡಿನಿಂದ ಹೊಸ ಆನೆ ತಾರದೆಯೂ ಶಿಬಿರದ ಸಂತತಿ ಉಳಿಯಬಲ್ಲದೆಂಬುದು ಅವರಿಗೆ ಕಂಡುಬಂತು.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಖೆಡ್ಡಾದ ಆ ನೆಲ ಬಳಿಕ ಕಬಿನಿ ಹಿನ್ನೀರಿನಲ್ಲಿ ಮುಳುಗಿತು. 1977ರಲ್ಲಿ ಆನೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿತು. ಈಗ ಶಿಬಿರಕ್ಕೆ ಬರುವುದು ಊರಿಗೆ ನುಗ್ಗಿ ಸೆರೆಯಾದ ಪುಂಡಾನೆ, ತಾಯಿ ತಪ್ಪಿದ ಮರಿ, ಇಲ್ಲವೇ ಅಲ್ಲೇ ಹುಟ್ಟಿದ ಕೂಸು. ಗುಡಿ, ಮಠಗಳ ಒಂಟಿ ಹೆಣ್ಣಾನೆಗಳಿಗೆ ಮಾತ್ರ ರಾತ್ರಿಯ ಕಾಡಿಲ್ಲ. ಕಲ್ಲುಹಾಸಿನ ಮೇಲೆ ನಿಂತು ಭಕ್ತರ ತಲೆಗೆ ಸೊಂಡಿಲಿಡುವ ಅವು ಬಹುಮಟ್ಟಿಗೆ ಮರಿ ಕಾಣದೆಯೇ ಮುದಿಯಾಗುತ್ತವೆ.