ಚಿತ್ರ ಗೂಢಲಿಪೀಕರಣದ ಭದ್ರತೆ

ಚಿತ್ರ ಗೂಢಲಿಪೀಕರಣ ಎಂಬುದು ಡಿಜಿಟಲ್ ಚಿತ್ರವೊಂದನ್ನು ರಹಸ್ಯ ಕೀಲಿಯ ನೆರವಿನಿಂದ ಗುರುತಿಸಲಾಗದ ರೂಪಕ್ಕೆ ಪರಿವರ್ತಿಸುವ ವಿಧಾನ. ಸಾಮಾನ್ಯವಾಗಿ ಅದೇ ಕೀಲಿಯಿಂದ ಮೂಲ ಚಿತ್ರವನ್ನು ಮರಳಿ ಪಡೆಯಲಾಗುತ್ತದೆ. ವೈದ್ಯಕೀಯ ಸ್ಕ್ಯಾನ್‌ಗಳು, ಉಪಗ್ರಹ ಚಿತ್ರಗಳು, ಗುರುತಿನ ದಾಖಲೆಗಳು ಹಾಗೂ ಖಾಸಗಿ ಛಾಯಾಚಿತ್ರಗಳ ರಕ್ಷಣೆಗೆ ಇದು ಬಳಕೆಯಾಗುತ್ತದೆ. ಆದರೆ ಚಿತ್ರವು ಕಣ್ಣಿಗೆ ಕಲಸಿಹೋದಂತೆ ಕಂಡ ಮಾತ್ರಕ್ಕೆ ಅದು ಸುರಕ್ಷಿತವಾಗಿದೆ ಎನ್ನಲಾಗದು. ಈ ಕ್ಷೇತ್ರದಲ್ಲಿ ಪ್ರಕಟವಾದ ಹಲವು ವಿಧಾನಗಳನ್ನು ನಂತರ ಭೇದಿಸಲಾಗಿದೆ.

ಹಿನ್ನೆಲೆ

ಪಠ್ಯಕ್ಕೆ ಹೋಲಿಸಿದರೆ ಚಿತ್ರದ ದತ್ತಾಂಶ ಗಾತ್ರದಲ್ಲಿ ದೊಡ್ಡದು. ಜೊತೆಗೆ ಅಕ್ಕಪಕ್ಕದ ಪಿಕ್ಸೆಲ್‌ಗಳ ಮೌಲ್ಯಗಳು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಉತ್ತಮ ಗೂಢಲಿಪಿಯು ಕೀಲಿಗೂ ಗೂಢಲಿಪಿಗೂ ಇರುವ ಸಂಬಂಧವನ್ನು ಜಟಿಲಗೊಳಿಸಬೇಕು ಮತ್ತು ಮೂಲದ ಲಕ್ಷಣಗಳನ್ನು ಎಲ್ಲೆಡೆ ಚದುರಿಸಬೇಕು ಎಂಬ ತತ್ತ್ವವನ್ನು ಕ್ಲಾಡ್ ಶಾನನ್ 1949ರಲ್ಲಿ ಮಂಡಿಸಿದರು. 1998ರಲ್ಲಿ ಜೆಸ್ಸಿಕಾ ಫ್ರಿಡ್ರಿಕ್ ಅವರು ಪಿಕ್ಸೆಲ್‌ಗಳ ಸ್ಥಾನಪಲ್ಲಟ ಹಾಗೂ ಮೌಲ್ಯಬದಲಾವಣೆಗಳನ್ನು ಒಳಗೊಂಡ, ಕೇಯಾಸ್ ಸಿದ್ಧಾಂತವನ್ನು ಆಧರಿಸಿದ ವಿಧಾನವನ್ನು ಪ್ರಕಟಿಸಿದರು. ಮುಂದಿನ ಅನೇಕ ವಿಧಾನಗಳು ಇದೇ ರಚನೆಯನ್ನು ಅನುಸರಿಸಿದವು.

ಪ್ರಮುಖ ದೌರ್ಬಲ್ಯಗಳು

ಬ್ಲಾಕ್‌ಗಳ ಪುನರಾವರ್ತನೆ: 2001ರಲ್ಲಿ ಅಮೆರಿಕದ ಮಾನದಂಡವಾದ ಎಇಎಸ್ ಗೂಢಲಿಪಿಯು ಒಮ್ಮೆಗೆ 128 ಬಿಟ್‌ಗಳನ್ನು, ಅಂದರೆ 8 ಬಿಟ್‌ನ ಬೂದುವರ್ಣ ಚಿತ್ರದ 16 ಪಿಕ್ಸೆಲ್‌ಗಳನ್ನು, ಸಂಸ್ಕರಿಸುತ್ತದೆ. ಇಸಿಬಿ ಕ್ರಮದಲ್ಲಿ ಒಂದೇ ಬಗೆಯ ಬ್ಲಾಕ್‌ಗಳು ಒಂದೇ ಬಗೆಯ ಗೂಢಲಿಪಿಯನ್ನು ನೀಡುವುದರಿಂದ ಚಿತ್ರದ ಬಾಹ್ಯರೇಖೆ ಉಳಿದುಬಿಡುತ್ತದೆ. ಲಿನಕ್ಸ್‌ನ ಲಾಂಛನವಾದ ಪೆಂಗ್ವಿನ್ ಚಿತ್ರವು ಇದಕ್ಕೆ ಪ್ರಸಿದ್ಧ ಉದಾಹರಣೆ. ಇಲ್ಲಿ ದೋಷವಿರುವುದು ಎಇಎಸ್‌ನಲ್ಲಲ್ಲ, ಅದನ್ನು ಬಳಸಿದ ಕ್ರಮದಲ್ಲಿ.

ಕೇವಲ ಸ್ಥಾನಪಲ್ಲಟ: ಪಿಕ್ಸೆಲ್‌ಗಳ ಜಾಗವನ್ನಷ್ಟೇ ಬದಲಿಸಿದರೆ ಅವುಗಳ ಮೌಲ್ಯಗಳು ಹಾಗೆಯೇ ಉಳಿಯುತ್ತವೆ. ಈ ಉದ್ದೇಶಕ್ಕೆ ಬಳಸುವ ಆರ್ನಾಲ್ಡ್ ಪರಿವರ್ತನೆಯನ್ನು 124×124 ಗಾತ್ರದ ಚಿತ್ರಕ್ಕೆ 15 ಬಾರಿ ಅನ್ವಯಿಸಿದರೆ ಮೂಲ ಚಿತ್ರವೇ ಮರಳುತ್ತದೆ. ದಾಳಿಕಾರನು ತಾನು ಆಯ್ದ ಚಿತ್ರಗಳನ್ನು ಅದೇ ಕೀಲಿಯಿಂದ ಗೂಢಲಿಪೀಕರಿಸಲು ಸಾಧ್ಯವಾದರೆ, 256×256 ಗಾತ್ರಕ್ಕೆ ಎರಡೇ ಚಿತ್ರಗಳು ಸಾಕು. ಒಂದರಲ್ಲಿ ಪ್ರತಿ ಪಿಕ್ಸೆಲ್‌ನ ಮೌಲ್ಯವಾಗಿ ಅದರ ಸಾಲಿನ ಸಂಖ್ಯೆಯನ್ನೂ ಇನ್ನೊಂದರಲ್ಲಿ ಕಂಬಸಾಲಿನ ಸಂಖ್ಯೆಯನ್ನೂ ಇಟ್ಟರೆ, ಯಾವ ಪಿಕ್ಸೆಲ್ ಎಲ್ಲಿಗೆ ಹೋಯಿತೆಂಬುದು ಪೂರ್ಣವಾಗಿ ತಿಳಿಯುತ್ತದೆ.

ಸಂಖ್ಯಾಸರಣಿಯ ಮರುಬಳಕೆ: ಕೀಲಿಯಿಂದ ಹುಟ್ಟಿದ ಒಂದೇ ಸಂಖ್ಯಾಸರಣಿಯನ್ನು ಎಲ್ಲ ಚಿತ್ರಗಳೊಂದಿಗೆ ಎಕ್ಸ್‌ಓಆರ್ ಕ್ರಿಯೆಯಿಂದ ಬೆರೆಸಿದರೆ, ಒಂದು ಮೂಲ ಚಿತ್ರ ಮತ್ತು ಅದರ ಗೂಢರೂಪ ದೊರೆತ ಕೂಡಲೇ ಆ ಸರಣಿ ಬಯಲಾಗುತ್ತದೆ. ಅದೇ ಗಾತ್ರದ ಉಳಿದ ಚಿತ್ರಗಳನ್ನೂ ಅದರಿಂದ ಬಿಡಿಸಬಹುದು.

ಸೀಮಿತ ನಿಖರತೆ: ಗಣಕಯಂತ್ರವು ಸಂಖ್ಯೆಗಳನ್ನು ಸೀಮಿತ ಅಂಕಿಗಳಲ್ಲಿ ಮಾತ್ರ ಇಟ್ಟುಕೊಳ್ಳುವುದರಿಂದ ಕೇಯಾಸ್ ಸರಣಿಗಳು ಎಂದಾದರೂ ಪುನರಾವರ್ತನೆಗೊಳ್ಳುತ್ತವೆ. ರಚನೆಯಲ್ಲಿಯೂ ದೋಷಗಳಿರಬಹುದು. ಫ್ರಿಡ್ರಿಕ್ ಅವರ ವಿಧಾನದ ಮೇಲೆ ಎರ್ಜನ್ ಸೊಲಾಕ್ ಮತ್ತು ಸಂಗಡಿಗರು 2010ರಲ್ಲಿ ಯಶಸ್ವಿ ದಾಳಿಯೊಂದನ್ನು ಪ್ರಕಟಿಸಿದರು.

ಪರೀಕ್ಷೆಗಳ ಮಿತಿ

ಮೂಲ ಚಿತ್ರದ ಒಂದು ಪಿಕ್ಸೆಲ್ ಬದಲಾದಾಗ ಗೂಢಚಿತ್ರದ ಎಷ್ಟು ಪಿಕ್ಸೆಲ್‌ಗಳು ಬದಲಾಗುತ್ತವೆ ಎಂಬುದನ್ನು ಎನ್‌ಪಿಸಿಆರ್ ಸೂಚ್ಯಂಕವೂ, ಸರಾಸರಿ ಎಷ್ಟು ಬದಲಾಗುತ್ತವೆ ಎಂಬುದನ್ನು ಯುಎಸಿಐ ಸೂಚ್ಯಂಕವೂ ಅಳೆಯುತ್ತವೆ. 8 ಬಿಟ್‌ನ ಚಿತ್ರಗಳಿಗೆ ಇವುಗಳ ನಿರೀಕ್ಷಿತ ಮೌಲ್ಯ ಕ್ರಮವಾಗಿ ಸುಮಾರು 99.61% ಮತ್ತು 33.46%. ಈ ಮೌಲ್ಯಗಳು ದೊರೆಯದಿದ್ದರೆ ದೋಷವನ್ನು ಶಂಕಿಸಬಹುದು. ದೊರೆತರೆ ಭದ್ರತೆ ಸಾಬೀತಾದಂತಲ್ಲ.

ಸುಧಾರಣೆಗಳು

* ಇಸಿಬಿಯ ಬದಲು ಸಿಬಿಸಿ, ಸಿಟಿಆರ್ ಮುಂತಾದ ಕ್ರಮಗಳ ಬಳಕೆ.
* ಪ್ರತಿ ಚಿತ್ರಕ್ಕೂ ಹೊಸ ಆರಂಭಿಕ ಸಂಖ್ಯೆ. ಸಿಟಿಆರ್ ಮತ್ತು ಜಿಸಿಎಂ ಕ್ರಮಗಳಲ್ಲಿ ಒಂದೇ ಕೀಲಿಯೊಡನೆ ಅದೇ ಸಂಖ್ಯೆಯನ್ನು ಮತ್ತೆ ಬಳಸುವುದು ಅಪಾಯಕಾರಿ.
* ಗೌಪ್ಯತೆಯ ಜೊತೆಗೆ ಚಿತ್ರವನ್ನು ತಿದ್ದಿದ್ದರೆ ಪತ್ತೆಹಚ್ಚುವ ಜಿಸಿಎಂನಂತಹ ದೃಢೀಕೃತ ಕ್ರಮಗಳು.
* ಸ್ಥಾನಪಲ್ಲಟದೊಂದಿಗೆ ಮೌಲ್ಯಬದಲಾವಣೆಯನ್ನೂ ಹಲವು ಸುತ್ತು ನಡೆಸುವುದು.
* ವಿಧಾನವನ್ನು ಬಹಿರಂಗಪಡಿಸಿ, ಕೀಲಿಯನ್ನು ಮಾತ್ರ ರಹಸ್ಯವಾಗಿಟ್ಟು, ತಜ್ಞರ ವಿಶ್ಲೇಷಣೆಗೆ ಒಡ್ಡುವುದು.